ಓಡಬೇಕೋ, ಕುಂದ್ರಬೇಕೋ

ನಾನು ಕೆಲಸ ಬಿಟ್ಟು ಮೂರು ವರ್ಷವಾಯಿತು. ನನ್ನ ಫೋನು ಮಾತ್ರ ಇನ್ನೂ ಕೆಲಸದಲ್ಲಿದೆ. ಆಗೊಮ್ಮೆ ಈಗೊಮ್ಮೆ ಗುರುತಿಲ್ಲದ ಯಾರೋ ಕರೆ ಮಾಡಿ, "ಸರ್, ಗ್ಯಾಸ್ ಲೀಕ್ ಆಗೇತ್ರಿ. ಇದು ಡ್ರಿಲ್ ರಿ, ಖರೇ ಅಲ್ಲ" ಎನ್ನುತ್ತಾರೆ. ಒಬ್ಬ ಪುಣ್ಯಾತ್ಮ ಆ ಡ್ರಿಲ್ ಎಂಬ ಮಾತನ್ನು ಕೊನೆಗೆ ಹೇಳಿದ. ಅಷ್ಟರಲ್ಲಿ ನಾನು ಹಾವೇರಿ ಸಂತೆಯಲ್ಲಿ ಕಾಯಿಪಲ್ಲೆಯ ಚೀಲವನ್ನು ಅಲ್ಲೇ ಬಿಟ್ಟು ಬಸ್ ನಿಲ್ದಾಣದ ಕಡೆ ಅರ್ಧ ದಾರಿ ಓಡಿಯಾಗಿತ್ತು. ಈ ಮೊಣಕಾಲು ಇಟ್ಟುಕೊಂಡು ಅಷ್ಟು ಓಡಿದೆನಲ್ಲ ಎಂದು ಆಮೇಲೆ ನನಗೇ ಆಶ್ಚರ್ಯವಾಯಿತು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಎಷ್ಟೋ ಕೋಲ್ಡ್ ಸ್ಟೋರೇಜುಗಳ ತುರ್ತು ಯೋಜನೆಯಲ್ಲಿ ಸುರಕ್ಷಾ ಅಧಿಕಾರಿ ಎಂಬ ಸಾಲಿನ ಮುಂದೆ ಇನ್ನೂ ನನ್ನ ನಂಬರೇ ಇದೆ. ಒಬ್ಬರ ಯೋಜನೆ ನೋಡಿ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವುದೆಂದರೆ ಮೇಲಿನ ಹೆಸರು ಬದಲಿಸುವುದು, ಅಷ್ಟೇ. ನಂಬರ್ ಉಳಿದದ್ದಕ್ಕೆ ನನ್ನ ತಕರಾರಿಲ್ಲ. ಅದರ ಜೊತೆಗೆ ನಾನು ಬರೆದ ಒಂದು ಸಾಲೂ ಉಳಿದಿದೆ. ಆ ಸಾಲನ್ನು ನಂಬಿ ಒಬ್ಬ ಹೆಣ್ಣುಮಗಳು ಸತ್ತಳು.

ನನ್ನ ಜಾಗಕ್ಕೆ ಈಗ ಬಂದಿರುವ ಹುಡುಗಿ, "ಸರ್, ನಿಮ್ಮ ಅನುಭವ ಬರದ ಕೊಡ್ರಿ, ನಮಗ ಉಪಯೋಗ ಆಗತೈತಿ" ಎಂದಳು. ಉಪಯೋಗವಾಗುತ್ತದೆಂಬ ನಂಬಿಕೆ ನನಗಿಲ್ಲ. ಆದರೂ ಕೇಳಿದ್ದಾಳೆ, ಬರೆಯುತ್ತೇನೆ.

ಮೆಣಸಿನಕಾಯಿಯ ಕೆಂಪು ವರ್ಷವಿಡೀ ಮಾಸದೆ ಇರಬೇಕಾದರೆ ಅದು ತಂಪಿನಲ್ಲಿರಬೇಕು. ಆ ತಂಪು ಕೊಡುವುದು ಅಮೋನಿಯ. ಪೈಪಿನೊಳಗೆ ಓಡಾಡಿಕೊಂಡಿರುವವರೆಗೆ ಅದರಂಥ ನಂಬಿಗಸ್ತ ಆಳು ಇಲ್ಲ. ಹೊರಗೆ ಬಂತೆಂದರೆ ಕಣ್ಣು, ಗಂಟಲು, ಎದೆ ಎಲ್ಲವನ್ನೂ ಸುಡುತ್ತದೆ. ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನಡೆಸುವವನಾಗಿ ಸೇರಿದಾಗ ನನಗೆ ಇದಾವುದೂ ಗೊತ್ತಿರಲಿಲ್ಲ. ಕಲಿಸಿದವರು ಮಾಬುಸಾಬರು. ನನಗಿಂತ ಹದಿನೈದು ವರ್ಷ ದೊಡ್ಡವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಂಪ್ರೆಸರಿನ ಸದ್ದು ಕೇಳಿಯೇ ಯಾವ ವಾಲ್ವ್ ಸವೆದಿದೆ ಎಂದು ಹೇಳುತ್ತಿದ್ದರು. ಗಂಧಕದ ಬತ್ತಿ ಹಚ್ಚಿ ಪೈಪಿನ ಉದ್ದಕ್ಕೂ ಹಿಡಿದುಕೊಂಡು ಹೋಗುವರು. ಎಲ್ಲಿ ಸೋರುತ್ತದೋ ಅಲ್ಲಿ ಬೆಳ್ಳಗೆ ಹೊಗೆ ಏಳುತ್ತಿತ್ತು. "ನೋಡ ತಮ್ಮಾ, ಇದಕ್ಕ ಮೂಗು ಕೊಡಬ್ಯಾಡ, ಕಣ್ಣು ಕೊಡು. ಮೂಗು ಎರಡ ದಿನದಾಗ ಸಾಯತೈತಿ" ಎಂದು ಮೊದಲ ದಿನವೇ ಹೇಳಿದರು.

ಆ ಕಾಲದಲ್ಲಿ ನಮ್ಮಲ್ಲಿದ್ದ ತುರ್ತು ಯೋಜನೆಯೆಂದರೆ ಒಂದು ಬಕೆಟ್ ನೀರು, ಒಂದು ಟವೆಲ್ಲು ಮತ್ತು ಮಾಬುಸಾಬರು. ಮುಖಕ್ಕೆ ಹಾಕಿಕೊಳ್ಳುವ ಗ್ಯಾಸ್ ಮಾಸ್ಕ್ ಒಂದಿತ್ತು. ಅದು ಮಾಲೀಕರಾದ ಸಾಹುಕಾರ್ರ ಕೋಣೆಯ ಗಾಜಿನ ಕಪಾಟಿನಲ್ಲಿ, ದೇವರ ಫೋಟೋದ ಕೆಳಗೆ ಇರುತ್ತಿತ್ತು. ಆಯುಧಪೂಜೆಯ ದಿನ ಅದನ್ನು ಹೊರಗೆ ತೆಗೆದು, ಒರೆಸಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಹೂ ಏರಿಸಿ, ಊದುಬತ್ತಿ ಬೆಳಗಿ ಮತ್ತೆ ಒಳಗಿಟ್ಟು ಕೀಲಿ ಹಾಕುತ್ತಿದ್ದರು. ಕೀಲಿ ಸಾಹುಕಾರ್ರ ಅಂಗಿಯ ಕಿಸೆಯಲ್ಲಿ, ಸಾಹುಕಾರ್ರು ವಾರಕ್ಕೆ ಮೂರು ದಿನ ಹುಬ್ಬಳ್ಳಿಯಲ್ಲಿ. ಒಮ್ಮೆ ಧೈರ್ಯ ಮಾಡಿ, "ಸಾಹುಕಾರ್ರ, ಅದನ್ನ ಮಶಿನ್ ರೂಮಿನ ಬಾಗಲದಾಗ ತೂಗಹಾಕೂಣ್ರಿ" ಎಂದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅಲ್ಲೋ, ಅಷ್ಟ ತುಟ್ಟಿ ವಸ್ತು ಧೂಳದಾಗ ತೂಗಹಾಕತೀಯೇನ? ಬರೋಬ್ಬರಿ ಐತಿ ಬಿಡು ಅಲ್ಲಿ" ಎಂದರು. ಕಡೆಗೊಂದು ವರ್ಷ ತೆಗೆದು ನೋಡಿದರೆ ರಬ್ಬರ್ ಹಪ್ಪಳವಾಗಿತ್ತು. ಕುಂಕುಮ ಮಾತ್ರ ಹಾಗೇ ಇತ್ತು.

ಮುಂದೆ ನಾನು ಸುರಕ್ಷತೆಯ ಡಿಪ್ಲೊಮಾ ಮಾಡಿದೆ. ಅಷ್ಟರಲ್ಲಿ ಸಾಹುಕಾರ್ರು ಹಾವೇರಿ ಮತ್ತು ರಾಣೆಬೆನ್ನೂರಿನಲ್ಲೂ ಒಂದೊಂದು ಕೋಲ್ಡ್ ಸ್ಟೋರೇಜ್ ಹಾಕಿದ್ದರು. ಮೂರಕ್ಕೂ ನಾನೇ ಸುರಕ್ಷಾ ಅಧಿಕಾರಿಯಾದೆ. ಮಾಬುಸಾಬರು ಮರುದಿನದಿಂದ ನನ್ನನ್ನು ತಮ್ಮಾ ಎನ್ನುವುದು ಬಿಟ್ಟು ಸಾಹೇಬ್ರ ಎನ್ನತೊಡಗಿದರು. ಬೇಡವೆನ್ನಬೇಕಿತ್ತು. ಅನ್ನಲಿಲ್ಲ, ಕೇಳಲು ಹಿತವಾಗಿತ್ತು.

ಆ ಹೊತ್ತಿಗೆ ನನಗೆ ಅಹಂಕಾರ ಬರುವಂಥ ಒಂದು ಘಟನೆಯೂ ನಡೆಯಿತು. ರಾಣೆಬೆನ್ನೂರಿನಿಂದ ಆಚೆ ಒಂದು ಕಡೆ ನೀರು ಶುದ್ಧ ಮಾಡುವ ಘಟಕ. ಊರಿನ ಹೆಸರು ಬೇಡ. ಅಲ್ಲಿ ಕ್ಲೋರಿನ್ ಸಿಲಿಂಡರ್ ಸೋರಿತು. ಹತ್ತಿರದಲ್ಲಿ ಗ್ಯಾಸಿನ ಕೆಲಸ ಬಲ್ಲವರು ನಾವೇ ಎಂದು ಯಾರೋ ಹೇಳಿ ನನ್ನನ್ನೂ ಮಾಬುಸಾಬರನ್ನೂ ಜೀಪಿನಲ್ಲಿ ಕರೆದೊಯ್ದರು. ಹೋಗುವಷ್ಟರಲ್ಲಿ ಕಾವಲುಗಾರ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಮೇಲೆ ಕುಳಿತಿದ್ದ. ಕೆಳಗೆ ಗುಂಡಿಯ ಪಕ್ಕದಲ್ಲಿ ಅವನು ಕಟ್ಟಿದ್ದ ಎರಡು ಆಡುಗಳು ಸತ್ತು ಬಿದ್ದಿದ್ದವು. ಮಾಬುಸಾಬರು ಗಾಳಿ ನೋಡಿ, ಸುತ್ತು ಹಾಕಿ, ಮೇಲಿನಿಂದ ಬಂದು ವಾಲ್ವ್ ಬಿಗಿ ಮಾಡಿದರು. ನಾನು ಆ ಆಡುಗಳನ್ನು ನೋಡುತ್ತ ನಿಂತು ಪುಸ್ತಕದ ಪಾಠ ಎಷ್ಟು ಖರೆ ಎಂದುಕೊಂಡೆ. ಕ್ಲೋರಿನ್ ಗಾಳಿಗಿಂತ ಭಾರ, ಕೆಳಗೆ ಹರಿಯುತ್ತದೆ. ಅಮೋನಿಯ ಹಗುರ, ಮೇಲೆ ಹೋಗುತ್ತದೆ. ಅಂದಿನಿಂದ ನನ್ನ ತರಬೇತಿ ಶುರುವಾಗುವುದೇ ಈ ಮಾತಿನಿಂದ. "ಕ್ಲೋರಿನ್ ಬಂದ್ರ ಮೇಲ ಹತ್ತರಿ, ಅಮೋನಿಯ ಬಂದ್ರ ಕೆಳಗ ಕುಂದ್ರಿ." ಕೇಳಿದವರು ತಲೆಯಾಡಿಸುತ್ತಿದ್ದರು. ಆ ಆಡುಗಳ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಈಗ ನೀಲವ್ವನ ವಿಷಯಕ್ಕೆ ಬರುತ್ತೇನೆ.

ನಮ್ಮ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಅಂಗಳದ ಒಂದು ಬದಿಗೆ ಮೂರು ಮೆಟ್ಟಿಲು ಎತ್ತರದಲ್ಲಿ ಯಂತ್ರದ ಕೋಣೆ, ಎದುರು ಬದಿಗೆ ಉದ್ದನೆಯ ಶೆಡ್ಡು. ಆ ಶೆಡ್ಡಿನಲ್ಲಿ ನಲವತ್ತು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಸಾಲು ರಸ್ತೆಯ ಕಡೆಯ ಹಿಂಬಾಗಿಲಿನಿಂದ ಶುರುವಾಗಿ ಅಂಗಳದ ಕಡೆಯ ಬಾಗಿಲಿಗೆ ಮುಗಿಯುತ್ತಿತ್ತು. ಆ ಕಟ್ಟಕಡೆಯ ಜಾಗ ನೀಲವ್ವನದು. ಚೀಲಗಳು ಅಂಗಳದಿಂದ ಒಳಗೆ ಬರುತ್ತಿದ್ದವು, ಅವನ್ನು ಇಳಿಸಿಕೊಂಡು ಹಂಚುವವಳು ಅವಳು. ಕಾಗಿನೆಲೆ ಕಡೆಯ ಒಂದು ಹಳ್ಳಿಯಿಂದ ಮಗಳು ಶೋಭಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ಇರಲಿಲ್ಲ. ಎಂಥ ಬಾಯಿ ಅಂದರೆ ಸಾಹುಕಾರ್ರೂ ಆ ಶೆಡ್ಡಿಗೆ ಕಾಲಿಡುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದರು.

ಮೆಣಸಿನಕಾಯಿಯ ಘಾಟಿನಲ್ಲಿ ಬದುಕುವುದಕ್ಕೂ ಒಂದು ಕಲೆ ಬೇಕು. ಒಣ ಚೀಲ ಒಡೆದು ಸುರಿದಾಗ ಘಾಟು ಒಮ್ಮೆಲೇ ಏಳುತ್ತದೆ. ಹೊಸಬರು ಎದ್ದು ಓಡುತ್ತಾರೆ, ಓಡಿದಷ್ಟೂ ಏದುಸಿರು ಬಿಟ್ಟು ಇನ್ನಷ್ಟು ಎಳೆದುಕೊಳ್ಳುತ್ತಾರೆ. ಬಲ್ಲವರು ಕದಲುವುದಿಲ್ಲ. ಸೆರಗನ್ನು ನೀರಿನಲ್ಲಿ ಅದ್ದಿ, ಮೂಗು ಬಾಯಿ ಕಿವಿ ಎಲ್ಲ ಸುತ್ತಿಕೊಂಡು, ಮೊಣಕಾಲ ನಡುವೆ ತಲೆ ಇಟ್ಟು, ಉಸಿರು ಸಣ್ಣ ಮಾಡಿ ಕುಳಿತುಬಿಡುತ್ತಾರೆ. ಒಂದು ನಿಮಿಷದಲ್ಲಿ ಘಾಟು ಇಳಿಯುತ್ತದೆ. ಎದ್ದು ಓಡಿದವಳನ್ನು ಇಡೀ ವಾರ ಆಡಿಕೊಳ್ಳುತ್ತಿದ್ದರು. "ಏ, ಈಕಿ ಘಾಟಿಗೆ ಓಡ್ಯಾಳವಾ, ಈಕಿಗೆ ಸಕ್ರಿ ಚೀಲ ಕೊಡ್ರಿ" ಎನ್ನುವರು. ಕೂತೇ ಇರುವುದು ಅಲ್ಲಿ ಮರ್ಯಾದೆಯ ಪ್ರಶ್ನೆಯಾಗಿತ್ತು.

ಯೋಜನೆ ಬರೆಯಬೇಕಾಗಿ ಬಂದಾಗ ನಾನು ಇದನ್ನೇ ಹಿಡಿದುಕೊಂಡೆ. ಎಲ್ಲರೂ ಎಲ್ಲಿಂದಲೋ ಇಳಿಸಿದ ಯೋಜನೆಯನ್ನು ಹಾಗೇ ಬರೆಯುತ್ತಿದ್ದರು, ಕೆಲಸದ ಹೆಣ್ಣುಮಕ್ಕಳಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ನನ್ನದು ಅವರ ಭಾಷೆಯಲ್ಲಿರಲಿ ಎಂದುಕೊಂಡೆ. ಅಮೋನಿಯ ಹೇಗೂ ಮೇಲೆ ಹೋಗುತ್ತದೆ, ಒದ್ದೆ ಬಟ್ಟೆ ಅದನ್ನು ಹೀರುತ್ತದೆ, ಇವರಿಗೆ ಕೂರುವುದು ರೂಢಿ. ಎಲ್ಲವೂ ತಾನಾಗಿ ಕೂಡಿಬಂತು. ಹೀಗೆ ಬರೆದೆ: "ಸೈರನ್ ಕೇಳಿದ ಕೂಡಲೇ ಮೆಣಸಿನಕಾಯಿಯ ಘಾಟಿಗೆ ಮಾಡುವಂತೆಯೇ ಒದ್ದೆ ಸೆರಗು ಸುತ್ತಿ, ತಲೆ ತಗ್ಗಿಸಿ, ನೆಲಕ್ಕೆ ಕುಳಿತುಕೊಳ್ಳಬೇಕು. ಎರಡನೇ ಸೈರನ್ ಆಗುವವರೆಗೆ ಯಾರೂ ಏಳಬಾರದು." ಎರಡನೇ ಸೈರನ್ ಆದಾಗ ಮೇಸ್ತ್ರಿ ಬಂದು ಸಾಲಾಗಿ ಹೊರಗೆ ಕರೆದೊಯ್ಯಬೇಕು. ನೂಕುನುಗ್ಗಲು ಆಗಬಾರದೆಂದು ಈ ಏರ್ಪಾಡು. ಬರೆದು ಮುಗಿಸಿದ ಸಂಜೆ ಎರಡು ಮಿರ್ಚಿ ಭಜಿ ಹೆಚ್ಚಿಗೆ ತಿಂದೆ, ಅಷ್ಟು ಖುಷಿಯಾಗಿತ್ತು.

ಮೊದಲ ಡ್ರಿಲ್ಲಿನ ದಿನ ನೀಲವ್ವ ಕೈ ಮೇಲೆತ್ತಿ ಕೇಳಿದಳು.

"ಸಾಹೇಬ್ರ, ಒಂದ ಮಾತು ಖಚಿತ ಮಾಡಿ ಹೇಳ್ರಿ. ಓಡಬೇಕೋ, ಕುಂದ್ರಬೇಕೋ?"

"ಕುಂದ್ರಬೇಕು ನೀಲಕ್ಕ. ಎರಡನೇ ಸೈರನ್ ಆಗೂತನಕ ಕುಂದ್ರಬೇಕು."

"ನಡುವ ಯಾರರೆ ಬಂದು ಏಳ್ರಿ ಅಂದ್ರ?"

"ಯಾರ ಅಂದ್ರೂ ಏಳಬ್ಯಾಡ್ರಿ. ನಾನ ಬಂದು ಅಂದ್ರೂ ಏಳಬ್ಯಾಡ್ರಿ."

ಎಲ್ಲರೂ ನಕ್ಕರು. ಆಮೇಲಿನ ಡ್ರಿಲ್ಲುಗಳಲ್ಲಿ ಇದೇ ಒಂದು ಆಟವಾಯಿತು. ನಡುವೆ ನಾನೇ ಬಾಗಿಲಲ್ಲಿ ನಿಂತು "ಏಳ್ರಿ, ಓಡ್ರಿ" ಎಂದು ಕೂಗುವೆ. ಪಾಪ, ಒಬ್ಬಿಬ್ಬರು ಏಳುತ್ತಿದ್ದರು, ನೀಲವ್ವ ಅವರ ಸೀರೆ ಹಿಡಿದು ಜಗ್ಗಿ ಕೂರಿಸುತ್ತಿದ್ದಳು. ಮೂರನೇ ಡ್ರಿಲ್ಲಿಗೆ ಒಬ್ಬಳೂ ಏಳಲಿಲ್ಲ. ಪರಿಶೀಲನೆಗೆ ಬಂದಿದ್ದ ಮೇಲಧಿಕಾರಿ ಬೆನ್ನು ತಟ್ಟಿದರು. ಆ ಯೋಜನೆಯ ಪ್ರತಿ ಬೇಕೆಂದು ಬೇರೆ ಬೇರೆ ಕೋಲ್ಡ್ ಸ್ಟೋರೇಜುಗಳವರು ಬಂದರು. ನಾನು ಬೀಗುತ್ತ ಎಲ್ಲರಿಗೂ ಕೊಟ್ಟೆ.

ಮಾಬುಸಾಬರು ಮಾತ್ರ ಆ ದಿನ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟು ನನ್ನ ಕೋಣೆಗೆ ಬಂದರು. "ಸಾಹೇಬ್ರ, ಸಿಟ್ಟ ಮಾಡಬ್ಯಾಡ್ರಿ. ಗ್ಯಾಸ್ ಆಗಿ ಬಂದ್ರ ಅದು ಮ್ಯಾಲ ಹೊಕ್ಕೈತಿ, ಖರೇ. ನೀರಾಗಿ ಬಂತಂದ್ರ ಹಂಗಲ್ರಿ. ಮಂಜಿನಗತೆ ನೆಲಾ ಹಿಡದು ಹರೀತೈತಿ. ನಾ ಒಮ್ಮೆ ನೋಡೇನಿ. ಈ ಹೆಣ್ಣಮಕ್ಕಳನ್ನ ಕುಂದ್ರಸಬ್ಯಾಡ್ರಿ" ಎಂದರು. ನಾನು ಪುಸ್ತಕ ತೆಗೆದು ಅಮೋನಿಯ ಹಗುರವೆಂಬ ಸಾಲು ತೋರಿಸಿದೆ, ಓದಲು ಬಾರದವರಿಗೆ. ಅವರು ಆ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದಂತೆ ಮಾಡಿ, "ಆತ್ರಿ ಸಾಹೇಬ್ರ" ಎಂದು ಹೊರಗೆ ಹೋದರು. ಅದೇ ಪುಸ್ತಕದಲ್ಲಿ ಎರಡು ಪುಟ ಮುಂದೆ, ದ್ರವವಾಗಿ ಸೋರಿದ ಅಮೋನಿಯ ನೆಲ ಹಿಡಿದು ಹರಿಯುತ್ತದೆಂದು ಮಾಬುಸಾಬರು ಹೇಳಿದ್ದೂ ಇತ್ತು. ನಾನು ಅದನ್ನು ಪರೀಕ್ಷೆಗೆ ಓದಿ ಮರೆತಿದ್ದೆ. ಮಾಬುಸಾಬರು ಕೆಲಸ ಬಿಟ್ಟ ಎರಡು ವರ್ಷಕ್ಕೆ ತೀರಿಕೊಂಡರು. ಅವರ ಕ್ಷಮೆ ಕೇಳಲು ನನಗೆ ಅವಕಾಶ ಉಳಿಯಲಿಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ, ಮೆಣಸಿನಕಾಯಿಯ ಸುಗ್ಗಿ ಭರದಲ್ಲಿದ್ದ ಒಂದು ಮಧ್ಯಾಹ್ನ. ಊಟ ಮುಗಿದು ಶೆಡ್ಡಿನಲ್ಲಿ ಕೆಲಸ ಮತ್ತೆ ಹತ್ತಿತ್ತು. ಯಂತ್ರದ ಕೋಣೆಯಲ್ಲಿ ಹೊಸ ಆಪರೇಟರ್ ಪೈಪಿನ ತಳದಲ್ಲಿ ನಿಂತ ಎಣ್ಣೆಯನ್ನು ಹೊರಗೆ ಬಿಡುತ್ತಿದ್ದ. ಎಣ್ಣೆ ಮುಗಿದ ಮೇಲೆ ವಾಲ್ವ್ ಮುಚ್ಚಬೇಕು. ಅದು ಕಚ್ಚಿಕೊಂಡಿತು. ಎಣ್ಣೆಯ ಹಿಂದೆಯೇ ಅಮೋನಿಯ ಬಂತು, ನೀರಾಗಿ. ಅವನು ಸೈರನ್ನಿನ ಗುಂಡಿ ಒತ್ತಿ ಹೊರಗೆ ಓಡಿದ. ಅವನ ತಪ್ಪಿಲ್ಲ, ಓಡದಿದ್ದರೆ ಅವನೂ ಉಳಿಯುತ್ತಿರಲಿಲ್ಲ.

ಸೈರನ್ ಕೇಳಿ ನಾನು ಆಫೀಸಿನಿಂದ ಹೊರಬಂದೆ. ಯಂತ್ರದ ಕೋಣೆಯ ಬಾಗಿಲಿನಿಂದ ಬೆಳ್ಳನೆಯ ಮಂಜು ಉಕ್ಕಿ ಮೂರು ಮೆಟ್ಟಿಲು ಇಳಿದು ಅಂಗಳದಲ್ಲಿ ಹರಡುತ್ತಿತ್ತು. ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಅದರ ಮೇಲೆ ಬಿಸಿಲು ಎಂದಿನಂತೆ ಬಿದ್ದಿತ್ತು. ಮಾಬುಸಾಬರು ಹೇಳಿದ್ದು ನನ್ನ ಕಣ್ಣೆದುರು ಹರಿದು ಶೆಡ್ಡಿನ ಬಾಗಿಲಿಗೆ ಹೋಗುತ್ತಿತ್ತು.

ಎರಡನೇ ಸೈರನ್ ಮಾಡೋಣವೆಂದರೆ ಅದರ ಗುಂಡಿಯೂ ಯಂತ್ರದ ಕೋಣೆಯಲ್ಲೇ, ಆ ಮಂಜಿನೊಳಗೆ. ಎರಡೂ ಗುಂಡಿಗಳನ್ನು ಒಂದೇ ಹಲಗೆಯ ಮೇಲೆ ಹಾಕಿಸಿದವನು ನಾನೇ. ಟವೆಲ್ಲು ಅದ್ದಿ ಮುಖಕ್ಕೆ ಕಟ್ಟಿಕೊಂಡು ಸುತ್ತು ಹಾಕಿ ಹಿಂಬಾಗಿಲಿಗೆ ಓಡಿದೆ. ಆ ವಾರವಷ್ಟೇ ಬಂದಿದ್ದ ಏಳೆಂಟು ಹೊಸ ಹುಡುಗಿಯರು, ಡ್ರಿಲ್ ಎಂದರೇನೆಂದೇ ಅರಿಯದವರು, ಆಗಲೇ ಎದ್ದು ರಸ್ತೆಗೆ ಓಡಿ ನಿಂತಿದ್ದರು. ಶೋಭಾ ಆ ದಿನ ಜ್ವರವೆಂದು ಬಂದಿರಲಿಲ್ಲ. ಉಳಿದವರೆಲ್ಲ ಕೂತಿದ್ದರು. ಸೆರಗು ಸುತ್ತಿ, ತಲೆ ತಗ್ಗಿಸಿ, ಸಾಲು ಚೂರೂ ಕೆಡದಂತೆ, ನಾನು ಕಲಿಸಿದಂತೆ.

"ಏಳ್ರಿ, ಓಡ್ರಿ, ಹಿಂದಿನ ಬಾಗಲಿಗೆ ಬರ್ರಿ" ಎಂದು ಕೂಗಿದೆ. ಯಾರೂ ಏಳಲಿಲ್ಲ. ಹತ್ತಿರವಿದ್ದ ಒಬ್ಬಳು ಸೆರಗಿನೊಳಗಿಂದಲೇ, "ಸಾಹೇಬ್ರು ಪರೀಕ್ಷಾ ಮಾಡಾಕತ್ತಾರ, ಏಳಬ್ಯಾಡ್ರೇ" ಎಂದಳು. ಸಾಲಿನ ಆ ತುದಿಯಲ್ಲಿ ನೀಲವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಸೊಂಟದವರೆಗೆ ಬಿಳಿ ಮಂಜು. ಕೈ ಕೆಳಗೆ ಮಾಡಿ, ಕೂತುಕೊಳ್ಳಿ ಕೂತುಕೊಳ್ಳಿ ಎಂದು ಎಲ್ಲರಿಗೂ ಸನ್ನೆ ಮಾಡಿದಳು.

ನಾನು ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಬ್ಬಿಸಿದೆ. ನಾಲ್ಕಾರು ಜನರನ್ನು ಎಬ್ಬಿಸುವಷ್ಟರಲ್ಲಿ ಆ ತುದಿಯಿಂದ ಕೆಮ್ಮು, ಚೀರಾಟ ಕೇಳಿತು. ಆಗ ಎಲ್ಲರಿಗೂ ತಿಳಿಯಿತು. ಆಮೇಲೆ ಅವರೇ ಓಡಿದರು. ನೀಲವ್ವ ಎಲ್ಲರನ್ನೂ ಮುಂದೆ ನೂಕುತ್ತ ಹಿಂದೆ ಉಳಿದಳು. ಬಾಗಿಲಿಗೆ ಐದು ಮಾರು ಇರುವಾಗ ಬಿದ್ದಳು. ಹಾವೇರಿಯ ಆಸ್ಪತ್ರೆಗೆ ಒಯ್ಯುವಾಗ ನಾನು ಪಕ್ಕದಲ್ಲಿದ್ದೆ. ಅವಳಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. "ಎರಡನೇದು ಆಗಲಿಲ್ಲಲ್ರಿ ಸಾಹೇಬ್ರ" ಎಂದಳು. ದಾರಿಯಲ್ಲೇ ಹೋದಳು.

ಉಳಿದವರು ಬದುಕಿದರು. ಬದುಕಿದರೆಂದರೆ, ಇಬ್ಬರಿಗೆ ಒಂದೊಂದು ಕಣ್ಣು ಮಂಜಾಯಿತು, ಕೆಲವರಿಗೆ ಮೆಟ್ಟಿಲು ಹತ್ತಿದರೆ ಇಂದಿಗೂ ದಮ್ಮು.

ವಿಚಾರಣೆ ನಡೆಯಿತು. ಸಾಹುಕಾರ್ರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. "ನಿನ್ನ ಪ್ಲಾನ್ ಬರೋಬ್ಬರಿ ಐತಿ ಅಂತ ದೊಡ್ಡ ಸಾಹೇಬ್ರ ಸಹಿ ಐತಿ. ಈಗ ನೀನ ತಪ್ಪು ಅಂದ್ರ ನಿನ್ನ ನೌಕರಿನೂ ಹೊಕ್ಕೈತಿ, ಅವರ ಮರ್ಯಾದಿನೂ ಹೊಕ್ಕೈತಿ. ಹೋದಾಕಿ ತಿರುಗಿ ಬರತಾಳೇನು? ಸುಮ್ಮನಿರು" ಎಂದರು. ನಾನು ಸುಮ್ಮನಿದ್ದೆ. ವರದಿಯಲ್ಲಿ ಹೀಗೆ ಬಂತು: ಮೃತಳು ಮೆಣಸಿನಕಾಯಿಯ ಘಾಟೆಂದು ತಪ್ಪು ತಿಳಿದು, ರೂಢಿಯಂತೆ ಕುಳಿತದ್ದರಿಂದ ಹೊರಬರಲು ತಡವಾಯಿತು. ಕೆಳಗೆ ನಾಲ್ಕು ಸಹಿ. ಮೂರನೆಯದು ನನ್ನದು.

ನಾಚಿಕೆ ನಿಧಾನವಾಗಿ ಬಂತು, ಬಂದ ಮೇಲೆ ಹೋಗಲಿಲ್ಲ. ನಮ್ಮ ಮೂರೂ ಯೋಜನೆಗಳಲ್ಲಿ ಆ ಸಾಲು ಹೊಡೆದುಹಾಕಿದೆ. ಎರಡನೇ ಸೈರನ್ ತೆಗೆಸಿದೆ. ಗಾಳಿಗೆ ಅಡ್ಡವಾಗಿ ಹೊರಗೆ ನಡೆಯಬೇಕು, ಯಾರಿಗೂ ಕಾಯಬಾರದು ಎಂದು ಬರೆದೆ. ನನ್ನ ಹಳೆಯ ಪ್ರತಿ ಒಯ್ದಿದ್ದವರ ಬಾಗಿಲಿಗೂ ಒಂದೊಂದಾಗಿ ಹೋದೆ. ಕುಳ್ಳಿರಿಸಿ ಚಹಾ ಕೊಡುತ್ತಿದ್ದರು. "ಆಗಲ್ರಿ, ತಿದ್ದತೇವ್ರಿ" ಎನ್ನುವರು. ಯಾಕೆ ತಿದ್ದಬೇಕೆಂದು ಕೇಳಿದವರಿಗೆ ನಾನೂ ಪೂರ್ತಿ ಹೇಳಲಿಲ್ಲ. ಹೊಸ ನಿಯಮ ಬಂದಿದೆ ಎಂದು ಸುಳ್ಳು ಹೇಳಿದೆ. ಪೂರ್ತಿ ಹೇಳಿದ್ದರೆ ನಾಲ್ಕು ಜನವಾದರೂ ತಿದ್ದುತ್ತಿದ್ದರೇನೋ.

ಈಗಿನ ಪದ್ಧತಿ ಬೇರೆ. ಯೋಜನೆ ವಾಟ್ಸಾಪಿನಲ್ಲಿ ಬರುತ್ತದೆ, ಡ್ರಿಲ್ಲಿನ ಫೋಟೋ ವಾಟ್ಸಾಪಿನಲ್ಲಿ ಹೋಗುತ್ತದೆ. ಫೋಟೋದ ಮೂಲೆಯಲ್ಲಿ ಸ್ಥಳ, ವೇಳೆ ತಾನಾಗಿ ಮೂಡುತ್ತದೆ. ಹಳದಿ ಜಾಕೀಟು ಹಾಕಿದ ಇಬ್ಬರು ಸ್ಟ್ರೆಚರ್ ಹಿಡಿದಿರಬೇಕು, ಒಬ್ಬ ಅದರ ಮೇಲೆ ನಗದೇ ಮಲಗಿರಬೇಕು. ಅಷ್ಟಿದ್ದರೆ ಡ್ರಿಲ್ ಆಯಿತು.

ಹೋದ ತಿಂಗಳು ಕಾಗಿನೆಲೆ ರಸ್ತೆಯ ಕಡೆಯ ಒಂದು ಹೊಸ ಕೋಲ್ಡ್ ಸ್ಟೋರೇಜಿನಿಂದ ಕರೆ ಬಂತು. ಡ್ರಿಲ್ ಎಂದರು. ಹತ್ತಿರವಿದೆಯಲ್ಲ ಎಂದು ಈ ಸಲ ನಾನು ಹೋಗಿಯೇಬಿಟ್ಟೆ. ಮ್ಯಾನೇಜರ್ ಗಾಬರಿಯಾದ, ಆ ನಂಬರಿನ ಹಿಂದೆ ಜೀವಂತ ಮನುಷ್ಯನಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಸೈರನ್ ಆಯಿತು. ಶೆಡ್ಡಿನಲ್ಲಿ ನಲವತ್ತು ಹೆಣ್ಣುಮಕ್ಕಳು ಸೆರಗು ಅದ್ದಿ, ಸುತ್ತಿ, ತಲೆ ತಗ್ಗಿಸಿ ಕುಳಿತರು. ಮ್ಯಾನೇಜರ್ ಫೋಟೋ ತೆಗೆದ. ಸಾಲಿನ ಕೊನೆಗೆ, ಅಂಗಳದ ಬಾಗಿಲ ಬಳಿ ಕುಳಿತಿದ್ದ ಹೆಣ್ಣುಮಗಳು ಸೆರಗು ತೆಗೆದಾಗ ನೋಡಿದರೆ ಶೋಭಾ. ಈಗ ಅವಳೇ ಅಲ್ಲಿನ ಮುಖ್ಯಸ್ಥೆ. ಕೂದಲಲ್ಲಿ ಒಂದೆರಡು ಬೆಳ್ಳಿ ಎಳೆ ಬಂದಿವೆ.

"ಆರಾಮ ಅದೀರೇನ್ರಿ ಸಾಹೇಬ್ರ?" ಎಂದಳು.

"ಶೋಭಾ, ಕುಂದ್ರಬಾರದವಾ. ಸೈರನ್ ಆದ ಕೂಡ್ಲೆ ಹೊರಗ ಓಡಬೇಕು."

"ನಮ್ಮವ್ವ ರೂಢಿಲೆ ಕುಂತ್ಲು ಅಂತ ಕಾಗದದಾಗ ಬರದಿತ್ತಲ್ರಿ. ನಾ ಓದೇನಿ. ನಮ್ಮವ್ವಗ ಘಾಟು ಯಾವುದು, ಗ್ಯಾಸ್ ಯಾವುದು ತಿಳೀಲಿಲ್ಲಂತ. ಇಪ್ಪತ್ತು ವರ್ಷ ಮೆಣಸಿನಕಾಯ್ಯಾಗ ಬಾಳೇವು ಮಾಡ್ದಾಕಿಗೆ."

ಇಷ್ಟು ವರ್ಷ ಎಲ್ಲೆಲ್ಲೋ ತಿರುಗಾಡಿ, ಹೇಳಬೇಕಾದವಳ ಹತ್ತಿರ ಮಾತ್ರ ನಾನು ಹೋಗಿರಲಿಲ್ಲ. "ಆಕಿಗೆ ತಿಳದಿತ್ತು. ನಾ ಕುಂದ್ರು ಅಂದಿದ್ದೆ, ಅದಕ್ಕ ಕುಂತ್ಲು. ಬರದಿದ್ದು ಸುಳ್ಳು. ಅದಕ್ಕ ನಾನೂ ಸಹಿ ಹಾಕೇನಿ" ಎಂದೆ.

ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಒಳ್ಳೆಯದಿತ್ತು. ಶೋಭಾ ಸೆರಗನ್ನು ಹಿಂಡಿ ನೀರು ತೆಗೆದಳು. "ಇದನ್ನ ಇವರ ಮುಂದ ಹೇಳ್ರಿ" ಎಂದಳು. ಹೇಳಿದೆ. ನಲವತ್ತು ಹೆಣ್ಣುಮಕ್ಕಳ ಮುಂದೆ ನಿಂತು ನೀಲವ್ವನ ಹೆಸರು ಹೇಳಿ, ನನ್ನ ತಪ್ಪು ಹೇಳಿ, ಕೂರಬೇಡಿ, ಓಡಿ ಎಂದೆ. ಮ್ಯಾನೇಜರ್ ಎರಡು ಸಲ ಗಡಿಯಾರ ನೋಡಿಕೊಂಡ. ನಾನು ಮುಗಿಸಿದ ಮೇಲೆ ಶೋಭಾ ರಸ್ತೆಯ ಕಡೆಯ ಗೋಡೆಗೆ ಕೈ ಮಾಡಿ ತೋರಿಸಿದಳು.

"ಎಲ್ಲಿಗೆ ಓಡೂಣ್ರಿ ಸಾಹೇಬ್ರ?"

ಅಲ್ಲಿ ಹಿಂಬಾಗಿಲು ಇರಬೇಕಿತ್ತು. ಯೋಜನೆಯ ನಕಾಶೆಯಲ್ಲಿ ಇದೆ, ಹಸಿರು ಬಾಣದ ಗುರುತೂ ಇದೆ. ಅಲ್ಲಿ ನೆಲದಿಂದ ಬಾಗಿಲ ಚೌಕಟ್ಟಿನ ಮೇಲಿನವರೆಗೆ ಮೆಣಸಿನಕಾಯಿಯ ಚೀಲಗಳ ಒಟ್ಟಲಿತ್ತು. ಮ್ಯಾನೇಜರನ ಕಡೆ ತಿರುಗಿದೆ. "ಸೀಜನ್ ರಿ ಸರ್, ಜಾಗಾ ಇಲ್ಲ. ಸೀಜನ್ ಮುಗದ ಮ್ಯಾಲ ತೆಗಸತೇವ್ರಿ" ಎಂದ. ಇನ್ನೊಂದು ಬಾಗಿಲು ಅಂಗಳಕ್ಕೆ ತೆರೆಯುತ್ತದೆ. ಅಂಗಳದ ಆಚೆ ಯಂತ್ರದ ಕೋಣೆ.

ನಾನು ಬಂದವನೇ ಒಂದು ಅರ್ಜಿ ಬರೆದೆ, ಎರಡು ಕಚೇರಿಗೆ ಹೋದೆ. ಸ್ವೀಕರಿಸಿದ್ದಕ್ಕೆ ಮುದ್ರೆ ಒತ್ತಿ ಕೊಟ್ಟರು. ನನ್ನ ಜಾಗದ ಹುಡುಗಿಗೂ ಹೇಳಿದೆ. ಆ ಕೋಲ್ಡ್ ಸ್ಟೋರೇಜ್ ತನ್ನ ವ್ಯಾಪ್ತಿಯಲ್ಲಿ ಇಲ್ಲವೆಂದಳು. ಅವಳು ಹೇಳಿದ್ದು ಖರೆಯೇ.

ನಿನ್ನೆ ಶೋಭಾಳಿಗೆ ಫೋನ್ ಮಾಡಿದೆ. ಹೆಣ್ಣುಮಕ್ಕಳೇ ಊಟದ ವೇಳೆಯಲ್ಲಿ ದಿನಕ್ಕೆ ನಾಲ್ಕು ಚೀಲ ಸರಿಸಿ, ಆ ಬಾಗಿಲಿಗೆ ಒಬ್ಬರು ಅಡ್ಡ ತಿರುಗಿ ದಾಟುವಷ್ಟು ಸಂದಿ ಮಾಡಿದ್ದಾರಂತೆ. ಮ್ಯಾನೇಜರ್ ಇನ್ನೂ ನೋಡಿಲ್ಲ. ನಲವತ್ತು ಜನ ಒಬ್ಬೊಬ್ಬರಾಗಿ ಅಂಥ ಸಂದಿಯಲ್ಲಿ ದಾಟಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಅಂಗಳ ದಾಟಲು ಆ ಮಂಜಿಗೆ ಎಷ್ಟು ಹೊತ್ತು ಬೇಕೆಂದೂ ಗೊತ್ತು. ಈ ಸಲ ಮುಚ್ಚಿಡಬಾರದೆಂದು ಎರಡನ್ನೂ ಹೇಳಿದೆ.

"ನಾನೂ ಲೆಕ್ಕಾ ಹಾಕೇನ್ರಿ" ಎಂದಳು. "ಅದಕ್ಕ ಸಣ್ಣ ಮಕ್ಕಳ ತಾಯಂದಿರನ್ನ ಸಂದಿ ಕಡೆ ಮೊದಲ ಕುಂದ್ರಿಸೇನಿ. ಆಮ್ಯಾಲ ಹೊಸಾ ಹುಡುಗ್ಯಾರು. ಆಮ್ಯಾಲ ಉಳದವರು."

"ನೀ ಎಲ್ಲಿ ಕುಂದರತೀ?"

"ಕಡೀಕ್ರಿ" ಎಂದಳು. ಚೀಲ ಬಂದವೆಂದು ಯಾರೋ ಕರೆದರು, ಫೋನ್ ಇಟ್ಟಳು.